ಟೋಕನ್ ಇಲ್ಲದೆ ಕೊಡುವುದಿಲ್ಲ

ನನ್ನ ಕೊಡೆ ಕೆಳಗಿನ ಮನೆಯವನ ಹತ್ತಿರ ಇದೆ. ಅವನು ಕದ್ದದ್ದಲ್ಲ, ನಾನು ಮರೆತು ಬಂದದ್ದೂ ಅಲ್ಲ. ನಾನಾಗಿಯೇ ಅವನ ಕೈಗೆ ಕೊಟ್ಟೆ, ವಾಪಸು ಪಡೆಯುವುದು ಮಾತ್ರ ನನ್ನಿಂದ ಆಗಲಿಲ್ಲ. ಆ ಮನುಷ್ಯನ ಕಥೆ ಹೇಳಬೇಕೆಂದರೆ ಆ ಕೊಡೆಯಿಂದಲೇ ಶುರು ಮಾಡಬೇಕು.

ಅವನನ್ನು ನಮ್ಮ ಕಟ್ಟಡದಲ್ಲಿ ಎಲ್ಲರೂ ಟೋಕನ್ ಎಂದೇ ಕರೆಯುವುದು. ತಾಯಿ ಇಟ್ಟ ಹೆಸರೊಂದು ಇದೆ, ಆದರೆ ಆ ಹೆಸರು ಹಿಡಿದು ಕೂಗಿದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಅವನೂ ನಮ್ಮ ಜೊತೆ ಹಿಂದೆ ತಿರುಗಿ ನೋಡುತ್ತಾನೆ. ಹುಡುಗನಾಗಿದ್ದಾಗಿನಿಂದ ತಲೆ ನರೆಯುವ ತನಕ ಅವನು ದುಡಿದದ್ದು ಬಸ್ ನಿಲ್ದಾಣದ ಸಾಮಾನು ಕೋಣೆಯಲ್ಲಿ. ದೂರದೂರಿನ ಬಸ್ಸಿಗೆ ಕಾಯುವವರು ಪೆಟ್ಟಿಗೆ, ಚೀಲ, ಗಂಟು ಇಟ್ಟು ಊರು ಸುತ್ತಲು ಹೋಗುವ ಜಾಗ ಅದು. ಅಲ್ಲಿ ಟೋಕನ್ ಎಂದು, ಒಂದೇ ನಂಬರು ಕೊರೆದ ಹಿತ್ತಾಳೆ ಬಿಲ್ಲೆಗಳು ಜೋಡಿ ಜೋಡಿಯಾಗಿ ಇರುತ್ತಿದ್ದವು. ಒಂದನ್ನು ಸಾಮಾನಿಗೆ ಕಟ್ಟುವುದು, ಅದರ ಜೋಡಿಯನ್ನು ಸಾಮಾನಿನವರ ಕೈಗೆ ಕೊಡುವುದು. ಬಿಲ್ಲೆ ತಂದರೆ ಸಾಮಾನು ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಅವನ ಕೆಲಸ ಅಷ್ಟೇ, ಅಷ್ಟನ್ನು ಅವನು ಪಾಪ ಉಸಿರಾಡಿದ ಹಾಗೆ ಮಾಡಿದ.

ಅವನ ಬುದ್ಧಿ ನಿಧಾನ. ಕೆಟ್ಟಿಲ್ಲ, ನಿಧಾನ. ಅಂಗಡಿಯವನು ಚಿಲ್ಲರೆ ಕೊಟ್ಟರೆ ಎಣಿಸದೆ ಜೇಬಿಗೆ ಹಾಕುತ್ತಾನೆ. ಇವತ್ತು ಹೇಳಿದ ತಮಾಷೆಗೆ ನಾಳೆ ನಗುತ್ತಾನೆ. ಅದೂ ತನ್ನ ಪಾಡಿಗೆ ನಗುವುದಿಲ್ಲ, ಮೆಟ್ಟಿಲು ಹತ್ತಿ ಬಂದು, ಬಾಗಿಲು ತಟ್ಟಿ, ನನ್ನೆದುರು ನಿಂತುಕೊಂಡು ನಗುತ್ತಾನೆ. ತಮಾಷೆ ಯಾರದೋ, ನಗೆಯೂ ಅವರಿಗೇ ಸಲ್ಲಬೇಕೆಂದು ಅವನ ಲೆಕ್ಕ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಮನುಷ್ಯ ಬಿಲ್ಲೆ ಕಳೆದುಹೋಯಿತು ಎಂದು ಅಳುತ್ತಾ ಬಂದನಂತೆ. ಇವನಿಗೂ ಅಳು ಬಂತು, ಪೆಟ್ಟಿಗೆ ಕೊಟ್ಟುಬಿಟ್ಟ. ಸಂಜೆ ನಿಜವಾದ ಯಜಮಾನ ಬಿಲ್ಲೆ ಹಿಡಿದುಕೊಂಡು ಬಂದ. ಆವತ್ತು ಮೇಲಧಿಕಾರಿ ಬೈದದ್ದಕ್ಕೆ ಇವನು ಕೌಂಟರಿನ ಕೆಳಗೆ ಹೋಗಿ ಕೂತವನು ಎದ್ದು ಬರಲೇ ಇಲ್ಲ. ತಾಯಿ ಬಂದು ಕೈಹಿಡಿದು ಕರೆದುಕೊಂಡು ಹೋಗಬೇಕಾಯಿತು. ಅಲ್ಲಿಂದ ಮುಂದೆ ಸ್ವಂತ ತಾಯಿ ತನ್ನ ಚೀಲ ಕೇಳಿದರೂ ಬಿಲ್ಲೆ ತೋರಿಸಮ್ಮ ಎನ್ನುತ್ತಿದ್ದ.

ಬಿಲ್ಲೆ ಕಳೆದುಕೊಂಡವರಿಗೂ ಒಂದು ದಾರಿ ಇತ್ತು. ಇಬ್ಬರು ಸಾಕ್ಷಿಗಳ ಮುಂದೆ ನಿಂತು ಒಳಗೆ ಏನೇನಿದೆ ಎಂದು ಮೊದಲು ಹೇಳಬೇಕು, ಆಮೇಲೆ ಅವರ ಎದುರಿಗೇ ಪೆಟ್ಟಿಗೆ ತೆರೆದು ನೋಡಬೇಕು. ಹೇಳಿದ್ದು ಇದ್ದದ್ದು ಸರಿಹೋದರೆ ತೆಗೆದುಕೊಂಡು ಹೋಗಬಹುದು, ಸರಿಹೋಗದಿದ್ದರೆ ಪೆಟ್ಟಿಗೆ ಪೊಲೀಸ್ ಠಾಣೆಗೆ ಹೋಗುತ್ತದೆ.

ಕಾಲ ಬದಲಾಯಿತು. ನಿಲ್ದಾಣದಲ್ಲಿ ನಾಣ್ಯ ಹಾಕಿ ಬೀಗ ತಿರುಗಿಸುವ ಕಬ್ಬಿಣದ ಗೂಡುಗಳು ಬಂದವು, ಸಾಮಾನು ಕೋಣೆಗೆ ಬಾಗಿಲು ಬಿತ್ತು. ಬೀಳ್ಕೊಡುಗೆಗೆ ಏನು ಬೇಕು ಕೇಳಿ ಎಂದಾಗ ಇವನು ಹಿತ್ತಾಳೆ ಬಿಲ್ಲೆಗಳ ಡಬ್ಬಿ ಕೇಳಿದ. ಗುಜರಿಗೆ ಹೋಗುವ ವಸ್ತು, ಕೊಟ್ಟರು. ಅವನು ಡಬ್ಬಿ ಮನೆಗೆ ತಂದ ದಿನದಿಂದ ಆ ಮನೆಯೇ ಸಾಮಾನು ಕೋಣೆಯಾಯಿತು. ಒಳಗೆ ಬರುವವರು ಕೈಯಲ್ಲಿದ್ದದ್ದನ್ನು ಬಾಗಿಲಲ್ಲೇ ಒಪ್ಪಿಸಬೇಕು, ಬಿಲ್ಲೆ ತೆಗೆದುಕೊಳ್ಳಬೇಕು. ನೀರಿನ ಮೀಟರ್ ನೋಡಲು ಬಂದವನ ಹೆಲ್ಮೆಟ್ಟಿಗೂ ಒಂದು ಬಿಲ್ಲೆ ಕಟ್ಟಿದ್ದ.

ಹಾಗೇ ಒಂದು ಮಳೆಗಾಲದಲ್ಲಿ ನನ್ನ ಕೊಡೆಯೂ ಅವನ ವಶಕ್ಕೆ ಹೋಯಿತು. ಅದು ನಮ್ಮವರ ಕೊಡೆ, ಅವರು ಹೋದ ಮೇಲೆ ನಾನು ಹಿಡಿಯುತ್ತಿದ್ದೆ. ಬಿಲ್ಲೆಯನ್ನು ಎಲ್ಲಿಟ್ಟೆನೋ, ಸಿಗಲಿಲ್ಲ. ಆಯಿತು, ಸಾಕ್ಷಿ ಕರೆದುಕೊಂಡು ಬಾ ಎಂದೆ. ಕೆಳಗಿನ ಟೈಲರಮ್ಮ ಬಂದಳು, ಹಾಲಿನವನು ಬಂದ. ಕೊಡೆ ಯಾವ ಬಣ್ಣ ಎಂದು ಟೋಕನ್ ಕೇಳಿದ. ಕಪ್ಪು ಎಂದೆ. ಅಂಗಡಿಯಿಂದ ತಂದ ದಿನ ಅದು ಕಪ್ಪೇ. ತೆಗೆದು ನೋಡಿದರೆ ಬಿಸಿಲಿಗೆ ಬಣ್ಣ ಹೋಗಿ ಹೋಗಿ ಒಣಗಿದ ಬದನೆಕಾಯಿ ಸಿಪ್ಪೆಯ ಹಾಗಾಗಿತ್ತು. ದಿನಾ ಹಿಡಿಯುತ್ತಿದ್ದೆ, ನೋಡಿಯೇ ಇರಲಿಲ್ಲ.

"ಹೇಳಿದ್ದೊಂದು, ಇರೋದೊಂದು," ಅಂದ ಟೋಕನ್. "ಠಾಣೆಗೆ ಕಳಿಸ್ಬೇಕು ಅಕ್ಕ. ಗುರುತಿನವರು ಅಂತ ಇಟ್ಕೊಂಡಿರ್ತೀನಿ."

ಆಮೇಲೆ ಮಳೆ ಬಂದಾಗಲೆಲ್ಲ ಅವನು ಆ ಕೊಡೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬರತೊಡಗಿದ. ಕೊಡೆ ಕೊಡುವ ಹಾಗಿಲ್ಲ, ಆದರೆ ಕೊಡೆಯ ಜೊತೆ ತಾನು ಬರಬಾರದೆಂದು ಯಾವ ನಿಯಮವೂ ಇಲ್ಲವಲ್ಲ. ನನಗೆ ಹಿಡಿದು, ತಾನು ನೆನೆದುಕೊಂಡು ತರಕಾರಿ ಅಂಗಡಿಗೆ ಹೋಗಿ ಬರುತ್ತಿದ್ದ. ನೋಡಿದವರು ನಾನು ಕೆಲಸಕ್ಕೆ ಆಳು ಇಟ್ಟುಕೊಂಡಿದ್ದೇನೆ ಎಂದುಕೊಂಡರು.

ಅವನ ತಾಯಿಯೂ ನಾನೂ ಅಕ್ಕತಂಗಿಯರ ಹಾಗಿದ್ದವರು. ಆಸ್ಪತ್ರೆಗೆ ಹೊರಟ ದಿನ ಆಕೆಗೆ ವಾಪಸು ಬರುವುದಿಲ್ಲವೆಂದು ಗೊತ್ತಿತ್ತು. ಮಗ ಬಾಗಿಲಿಗೆ ಅಡ್ಡ ನಿಂತು ಬಿಡಲಿಲ್ಲ. ಆಗ ಆಕೆ ಒಂದು ಉಪಾಯ ಮಾಡಿದಳು. ನಿನ್ನನ್ನು ಅಕ್ಕನ ಹತ್ತಿರ ಇಟ್ಟು ಹೋಗುತ್ತೇನೆ ಕಣೋ, ಬಿಲ್ಲೆ ಕೊಡು ಎಂದಳು. ಅವನಿಗೆ ತಕ್ಷಣ ಅರ್ಥವಾಯಿತು. ಒಂದು ಬಿಲ್ಲೆಯನ್ನು ತನ್ನ ಅಂಗಿಯ ಗುಂಡಿಗೆ ದಾರದಿಂದ ಕಟ್ಟಿಕೊಂಡ, ಅದರ ಜೋಡಿಯನ್ನು ತಾಯಿಯ ಕೈಗೆ ಕೊಟ್ಟು ದಾರಿ ಬಿಟ್ಟ. ಆಸ್ಪತ್ರೆಯಿಂದ ಆಕೆಯ ಕನ್ನಡಕ, ಬಾಚಣಿಗೆಯ ಜೊತೆ ಆ ಬಿಲ್ಲೆಯೂ ನನ್ನ ಕೈಗೆ ಬಂತು. ಅದನ್ನು ಅವನಿಗೆ ತೋರಿಸಲು ನನಗೆ ಮನಸ್ಸಾಗಲಿಲ್ಲ. ನನ್ನ ಸಕ್ಕರೆ ಡಬ್ಬಿಯ ಹಿಂದೆ ಇಟ್ಟೆ. ಅವನ ಗುಂಡಿಯಲ್ಲಿ ಬಿಲ್ಲೆ ನೇತಾಡುತ್ತಲೇ ಇತ್ತು. ಅಂಗಿ ಬದಲಾದರೆ ಬಿಲ್ಲೆಯೂ ಹೊಸ ಗುಂಡಿಗೆ ಹೋಗುತ್ತಿತ್ತು.

ಮನೆ ತಾಯಿಯದು, ಅವಳ ನಂತರ ಇವನದು. ಒಂದು ಮುಂದಿನ ಕೋಣೆ, ಒಂದು ಮಲಗುವ ಕೋಣೆ, ಅಡುಗೆಮನೆ, ತಾಯಿಯ ಮಂಚ, ತಾಯಿಯ ಕಬ್ಬಿಣದ ಬೀರು. ಇಷ್ಟು ಬಿಟ್ಟರೆ ಪ್ರಪಂಚದಲ್ಲಿ ಅವನಿಗೆ ಬೇರೆ ಏನೂ ಇರಲಿಲ್ಲ. ಅದನ್ನೇ ನುಂಗಲು ಒಬ್ಬ ಬಂದ.

ಕೆಲಸ ಹೋದ ಮೇಲೂ ಟೋಕನ್ ದಿನಾ ನಿಲ್ದಾಣಕ್ಕೆ ಹೋಗಿ ಕಲ್ಲಿನ ಬೆಂಚಿನ ಮೇಲೆ ಕೂರುತ್ತಿದ್ದ. ಅಲ್ಲಿ ಒಬ್ಬ ಇವನ ಪಕ್ಕ ಕೂತು, ಅಣ್ಣಾ, ಈ ಬ್ಯಾಗು ಸ್ವಲ್ಪ ನೋಡ್ಕೋತೀರಾ ಎಂದು ಕೇಳಿದ. ಆ ಬೆಂಚಿನ ಮೇಲೆ ಅಷ್ಟು ವರ್ಷ ಇವನು ಕಾದದ್ದೇ ಆ ಒಂದು ಮಾತಿಗೆ. ಇವನು ಮುಖ ಅರಳಿಸಿಕೊಂಡು ಬ್ಯಾಗು ಹೆಗಲಿಗೆ ಹಾಕಿಕೊಂಡು ಅವನನ್ನು ಮನೆಗೇ ಕರೆದುಕೊಂಡು ಬಂದ. ಇಂಥ ಸುಲಭದ ಮೀನು ತಾನಾಗಿ ಬುಟ್ಟಿಗೆ ಹಾರಿದ್ದನ್ನು ಆ ಮನುಷ್ಯ ತನ್ನ ಜನ್ಮದಲ್ಲಿ ನೋಡಿರಲಿಕ್ಕಿಲ್ಲ.

ಅವನನ್ನು ನಾನು ನೋಡುವ ಮೊದಲೇ ಮೂಗಿಗೆ ಗೊತ್ತಾಯಿತು. ಸುವಾಸನೆ ಮೆಟ್ಟಿಲು ಹತ್ತಿ ಬಂದು ಸ್ವಲ್ಪ ಹೊತ್ತಿನ ಮೇಲೆ ಮನುಷ್ಯ ಬರುತ್ತಿದ್ದ. ಅದಕ್ಕೆ ನಾವು ಅವನಿಗೆ ಸೆಂಟು ಎಂದು ಹೆಸರಿಟ್ಟೆವು. ಮಾತೂ ಹಾಗೇ, ಸೋಕಿದರೆ ಅಂಟಿಕೊಳ್ಳುತ್ತಿತ್ತು. ಮೊದಲು ಒಂದು ಬ್ಯಾಗು ಬಂತು, ಆಮೇಲೆ ನಾಲ್ಕಾರು ಬಂದವು. ಬ್ಯಾಗು ನೋಡಿಕೊಳ್ಳಲು ಒಬ್ಬ ಬೇಕಲ್ಲ ಎಂದು ಇನ್ನೊಬ್ಬ ಬಂದ, ಯಾವಾಗ ನೋಡಿದರೂ ಬಾಯಲ್ಲಿ ಬನ್ನು ಇರುತ್ತಿದ್ದ ದಪ್ಪನೆಯ ಆಸಾಮಿ. ಅವನು ಬನ್ನು. ಆಮೇಲೆ ಯಾರು ಯಾರೋ ಬರುವುದು, ಹೋಗುವುದು. ಯಾರೂ ಮಾತಾಡಿಸುತ್ತಿರಲಿಲ್ಲ, ಎಲ್ಲರೂ ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗುತ್ತಿದ್ದರು, ಎಲ್ಲರ ಕೈಯಲ್ಲೂ ಚೀಲ ಇರುತ್ತಿತ್ತು. ಟೋಕನ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಬಿಲ್ಲೆ ಹಂಚುತ್ತಾ ಹಳೆಯ ಕೆಲಸ ಸಿಕ್ಕಿದ ಸಂಭ್ರಮದಲ್ಲಿದ್ದ. ನೀಲಿ ಸಮವಸ್ತ್ರ ಹುಡುಕಿ ತೆಗೆದು ಇಸ್ತ್ರಿ ಮಾಡಿಸಿಕೊಂಡು ಬಂದ. ಕಳ್ಳಮಾಲಿಗೆ ಇಷ್ಟು ಶಿಸ್ತಿನ ಕಾವಲುಗಾರ ಎಲ್ಲೂ ಇದ್ದಿರಲಾರ.

ಒಂದು ಬೆಳಿಗ್ಗೆ ನೋಡಿದರೆ ಟೋಕನ್ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಪೊರಕೆ, ಬಕೆಟ್ಟುಗಳ ನಡುವೆ ಚಾಪೆ ಸುತ್ತಿಡುತ್ತಿದ್ದ.

ಇದೇನೋ ಇಲ್ಲಿ ಎಂದೆ. ಮೊದಲು ಮಂಚ ಸೆಂಟಿಗೆ ಹೋಯಿತಂತೆ, ಇವನು ಅಡುಗೆಮನೆಯಲ್ಲಿ ಮಲಗಿದನಂತೆ. ಆಮೇಲೆ ಅಡುಗೆಮನೆಯಲ್ಲಿ ಬನ್ನಿನ ಓಡಾಟ ಜಾಸ್ತಿಯಾಯಿತಂತೆ. ಅದಕ್ಕೇ ಸಂದಿ. ಗಾಳಿ ಚೆನ್ನಾಗಿ ಬರುತ್ತದೆ ಅಕ್ಕ ಎಂದ.

"ಅಮ್ಮನ ಮಂಚ ಕಣೋ ಅದು."

"ಸುಮ್ನೆ ಕೊಟ್ಟಿಲ್ಲ ಅಕ್ಕ." ಜೇಬಿನಿಂದ ಒಂದು ಬಿಲ್ಲೆ ತೆಗೆದು ತೋರಿಸಿದ. "ಮಂಚಕ್ಕೆ ಬಿಲ್ಲೆ ಕಟ್ಟಿದ್ದೀನಿ. ಜೋಡಿ ನನ್ನ ಹತ್ರ ಇದೆ. ಇದನ್ನ ತೋರಿಸಿದ್ರೆ ಅವರು ಮಂಚ ಕೊಡ್ಬೇಕು."

"ತೋರಿಸಿದ್ಯಾ?"

"ತೋರಿಸಿದೆ."

"ಏನಂದ್ರು?"

"ನಕ್ಕರು."

ಬಿಲ್ಲೆಯನ್ನು ಅಂಗೈಯಲ್ಲಿ ಹಿಂದೆಮುಂದೆ ತಿರುಗಿಸಿ ನೋಡಿದ. ಬಿಲ್ಲೆ ತೋರಿಸಿದ ಮೇಲೂ ಸಾಮಾನು ಕೊಡದ ಜನ ಇರಬಹುದು ಎನ್ನುವುದು ಅವನ ತಲೆಗೆ ಇಳಿಯುತ್ತಲೇ ಇರಲಿಲ್ಲ. ನಾನು ಸಿಟ್ಟಿನಿಂದ, ಅವರನ್ನು ಹೊರಗೆ ಹಾಕು ಎಂದೆ. ಅದಕ್ಕೆ ಅವನು ಹೇಳಿದ ಮಾತು ಕೇಳಿ ನನ್ನ ಸಿಟ್ಟೆಲ್ಲ ಜರ್ರೆಂದು ಇಳಿಯಿತು.

"ಅವರು ನನ್ನ ಅಣ್ಣಾ ಅಂತಾರೆ ಅಕ್ಕ."

ನಾವೆಲ್ಲ ಅವನನ್ನು ಟೋಕನ್ ಎಂದೇ ಕರೆದವರು. ನಾನೂ ಸೇರಿ.

ನಾನು ಕೆಳಗಿಳಿದು ಹೋಗಿ ಸೆಂಟನ್ನು ನೇರವಾಗಿ ಕೇಳಿದೆ, ಎಷ್ಟು ದಿನ ಇರುತ್ತೀರಪ್ಪಾ ಎಂದು. ಅವನು ಕುರ್ಚಿ ಎಳೆದು ಕೂರಿಸಿದ, ಅಜ್ಜಿ ಟೀ ಕುಡೀತೀರಾ ಎಂದು ಟೋಕನ್‌ನ ಲೋಟದಲ್ಲಿ ಟೋಕನ್‌ನ ಟೀಪುಡಿಯ ಟೀ ತರಿಸಿದ. ನಮಗೂ ಅಜ್ಜಿಯೊಬ್ಬರಿದ್ದರು, ನಿಮ್ಮನ್ನು ನೋಡಿದರೆ ಅವರ ನೆನಪಾಗುತ್ತದೆ ಎಂದ. ನಾನು ಏಳುವಾಗ ಮೆಲ್ಲಗೆ ಕೈಹಿಡಿದು ಬಾಗಿಲ ತನಕ ಬಂದು, "ಈ ಮೆಟ್ಟಿಲು ನಿಮ್ಮ ಮಂಡಿಗೆ ಆಗಲ್ಲ ಅಜ್ಜಿ. ಕೆಳಗೆ ಇಳಿದು ಬರೋ ಅಭ್ಯಾಸ ಬಿಟ್ಬಿಡಿ. ಬಿದ್ದರೆ ಈ ವಯಸ್ಸಲ್ಲಿ ಮೂಳೆ ಕೂಡಲ್ಲ," ಎಂದ. ಅಷ್ಟು ಕಾಳಜಿಯಿಂದ ನನ್ನನ್ನು ಹೆದರಿಸಿದವರು ಈ ಜೀವಮಾನದಲ್ಲಿ ಇನ್ನೊಬ್ಬರಿಲ್ಲ.

ಹೆದರಿದೆ, ಸುಳ್ಳೇಕೆ. ಆದರೂ ಟೈಲರಮ್ಮನನ್ನು ಜೊತೆಗೆ ಕರೆದುಕೊಂಡು ಪೊಲೀಸ್ ಠಾಣೆಗೆ ಹೋದೆ. ಒಬ್ಬಳು ಹೆಡ್ ಕಾನ್‌ಸ್ಟೇಬಲ್ ಬಂದಳು, ಒಳ್ಳೆಯ ಹೆಣ್ಣುಮಗಳು, ಆದರೆ ಅವಳಿಗೂ ಕೈಕಾಲು ಕಟ್ಟಿದ ಹಾಗಾಯಿತು. ಇವರು ಯಾರು ಎಂದು ಕೇಳಿದರೆ ಟೋಕನ್ ನೀಲಿ ಸಮವಸ್ತ್ರದಲ್ಲಿ ನೆಟ್ಟಗೆ ನಿಂತು, ನನ್ನ ಕಡೆಯವರು, ನಾನೇ ಕರೆದುಕೊಂಡು ಬಂದೆ, ಎಲ್ಲರಿಗೂ ಬಿಲ್ಲೆ ಕೊಟ್ಟಿದ್ದೇನೆ ಎಂದ. ಜೊತೆಗೆ ಅವಳ ಲಾಠಿಯನ್ನೂ ಇಸಿದುಕೊಂಡು ಬಿಲ್ಲೆ ಕೊಟ್ಟ. ಮನೆಯ ಯಜಮಾನನೇ ನೆಂಟರು ಎಂದಾಗ ನಾನೇನು ಮಾಡಲಿ ಅಮ್ಮಾ ಎಂದು ಆಕೆ ನನಗೆ ಹೇಳಿ, ಬಿಲ್ಲೆ ತೋರಿಸಿ ಲಾಠಿ ಬಿಡಿಸಿಕೊಂಡು ಹೋದಳು. ಸೆಂಟು ಬಾಗಿಲ ತನಕ ಬಂದು ಅವಳಿಗೆ ಕೈ ಮುಗಿದ. ಆಮೇಲೆ ತಲೆಯೆತ್ತಿ ನನ್ನ ಬಾಗಿಲ ಕಡೆ ನೋಡಿದ. ನಾನು ಆವತ್ತಿನಿಂದ ಬಾಗಿಲಿಗೆ ಅಡ್ಡಲಾಗಿ ಅಕ್ಕಿ ಡಬ್ಬ ಇಟ್ಟು ಮಲಗತೊಡಗಿದೆ.

ಇನ್ನು ಸೆಂಟಿನ ಕಡೆಯೂ ಒಂದು ಕಷ್ಟ ಇತ್ತು. ಕಳ್ಳರ ಮನೆಯಲ್ಲಿ ಕಳ್ಳತನ ಶುರುವಾಗಿತ್ತು. ಒಬ್ಬನ ಚೀಲದಲ್ಲಿದ್ದದ್ದು ಇನ್ನೊಬ್ಬನ ಚೀಲದಲ್ಲಿ ಸಿಗುವುದು, ಕೂಗಾಟ, ಗುದ್ದಾಟ ನಡೆಯುತ್ತಿತ್ತು. ನಮ್ಮ ನೆಲದ ಕೆಳಗಿನಿಂದ ಎಲ್ಲ ಕೇಳಿಸುತ್ತಿತ್ತು. ನಂಬಿಕೆ ಇಟ್ಟುಕೊಂಡು ಬಾಳಬೇಕು ಕಣ್ರೋ ಎಂದು ಸೆಂಟು ಅವರಿಗೆ ಬುದ್ಧಿ ಹೇಳುತ್ತಿದ್ದದ್ದೂ ಕೇಳಿಸಿತು. ಕೊನೆಗೆ ಅವನೇ ಒಂದು ತೀರ್ಮಾನ ಮಾಡಿದ. ಬ್ಯಾಗುಗಳೆಲ್ಲ ತಾಯಿಯ ಕಬ್ಬಿಣದ ಬೀರುವಿನಲ್ಲಿ ಇರಬೇಕು, ಬೀಗದ ಕೈ ಟೋಕನ್‌ನ ಕೊರಳಲ್ಲಿ ಇರಬೇಕು, ಬಿಲ್ಲೆ ತೋರಿಸದೆ ಯಾರಿಗೂ ಯಾವ ಬ್ಯಾಗೂ ಸಿಗಬಾರದು. ಯಾರಿಗೂ ಅಂದರೆ ಯಾರಿಗೂ, ನಾನೇ ಬಂದರೂ ಸರಿ ಎಂದು ಎಲ್ಲರ ಮುಂದೆ ಹೇಳಿದನಂತೆ. ಎಲ್ಲರೂ ಒಪ್ಪಿದರು. ಒಬ್ಬರನ್ನೊಬ್ಬರು ನಂಬದ ಅಷ್ಟು ಜನರೂ ನಂಬಿದ್ದು ಅವನೊಬ್ಬನನ್ನು. ಆ ರಾತ್ರಿಯೂ ಅವನು ಮಲಗಿದ್ದು ಮೆಟ್ಟಿಲ ಕೆಳಗೇ, ಬೀರುವಿನ ಬೀಗದ ಕೈ ಕೊರಳಲ್ಲಿ ಹಾಕಿಕೊಂಡು, ಬಕೆಟ್ಟಿಗೆ ತಲೆ ಕೊಟ್ಟು.

ಈಗ ಟೈಲರಮ್ಮನ ಪಾತ್ರ. ಅವಳ ಅಂಗಡಿ ಕಟ್ಟಡದ ಬುಡದಲ್ಲಿ, ಮೆಟ್ಟಿಲಿಗೆ ಅಂಟಿಕೊಂಡಂತೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಊರಿನ ಸುದ್ದಿಯೆಲ್ಲ ಹೇಳುತ್ತಾಳೆ. ಸೆಂಟು ಹೊಸ ಪ್ಯಾಂಟು ತಂದು ಕಾಲು ಉದ್ದ ಆಗಿದೆ, ಗಿಡ್ಡ ಮಾಡು ಎಂದು ಕೊಟ್ಟು ಹೋದ. ಬಟ್ಟೆ ಮುಟ್ಟುವ ಮೊದಲು ಜೇಬು ತಿರುಗಿಸಿ ನೋಡುವುದು ಅವಳ ಪದ್ಧತಿ, ಸೂಜಿಗೆ ನಾಣ್ಯ ಸಿಕ್ಕಿ ಮುರಿಯಬಾರದೆಂದು. ಜೇಬಿನಲ್ಲಿ ಸಿಕ್ಕಿದ್ದನ್ನೆಲ್ಲ ಒಂದು ತಟ್ಟೆಗೆ ಹಾಕಿ, ಬಟ್ಟೆ ಒಯ್ಯುವಾಗ ವಾಪಸು ಕೊಡುತ್ತಾಳೆ. ನಾನು ಹೋದಾಗ ಆ ತಟ್ಟೆಯಲ್ಲಿ ಗುಂಡಿ, ದಾರದ ಉಂಡೆಗಳ ನಡುವೆ ಹಿತ್ತಾಳೆ ಬಿಲ್ಲೆಯೊಂದು ಮಿಣಮಿಣ ಎನ್ನುತ್ತಿತ್ತು.

ಇದು ಯಾರದೇ ಎಂದೆ. ಗುಂಡುಸೂಜಿಗಳ ನಡುವಿನಿಂದ, ಮೂಗು ಮುಚ್ಚಿಕೊಂಡು ಪ್ಯಾಂಟು ನೋಡಿ ಎಂದಳು. ನನಗೆ ದೊಡ್ಡ ಯೋಜನೆ ಏನೂ ಇರಲಿಲ್ಲ. ಟೋಕನ್ ಮಂಚದ ಬಿಲ್ಲೆ ತೋರಿಸಿದಾಗ ನಕ್ಕವನು, ಬಿಲ್ಲೆ ಇಲ್ಲದೆ ಒಂದು ಸಲ ಒದ್ದಾಡಲಿ ಎನ್ನಿಸಿತು, ಅಷ್ಟೇ. ಬಿಲ್ಲೆಯನ್ನು ಕನ್ನಡಕದ ಡಬ್ಬಿಗೆ ಹಾಕಿ ಮುಚ್ಚಳ ಟಪ್ಪೆಂದು ಮುಚ್ಚಿದೆ. ಟೈಲರಮ್ಮ ನಾನೇನೂ ನೋಡಲಿಲ್ಲಪ್ಪ ಎಂದು ಗೋಡೆ ಕಡೆ ತಿರುಗಿದಳು.

ಅಷ್ಟರಲ್ಲಿ ಸೆಂಟೇ ಬಂದ. ನಾನು ಕನ್ನಡಕದ ಡಬ್ಬಿಯನ್ನು ಸೆರಗಿನೊಳಗೆ ಸೇರಿಸಿದೆ. ಅವನಿಗೆ ಪ್ಯಾಂಟು ಆ ಕ್ಷಣಕ್ಕೇ ಬೇಕಿತ್ತು, ಎಲ್ಲಿಗೋ ಹೊರಟಿದ್ದ. ಇನ್ನೂ ಕಚ್ಚಾ ಹೊಲಿಗೆ ಹಾಕಿದ್ದೇನೆ, ಮಿಷನ್ನಿನ ಹೊಲಿಗೆ ಆಗಬೇಕು, ಕೂತುಕೊಳ್ಳಿ ಎಂದು ಟೈಲರಮ್ಮ ಹೇಳಿದಳು. ಕಾಯುವವನಲ್ಲ. ಕೈಯಿಂದ ಕಿತ್ತುಕೊಂಡು ಪರದೆ ಹಿಂದೆ ಹೋಗಿ ಅದನ್ನೇ ಹಾಕಿಕೊಂಡು ಮೇಲೆ ಹತ್ತಿದ. ನಾನೂ ನನ್ನ ಮಂಡಿ ಹಿಡಿದುಕೊಂಡು ಹಿಂದೆಯೇ ಹತ್ತಿದೆ.

ನಾನು ಟೋಕನ್‌ನ ಅರೆತೆರೆದ ಬಾಗಿಲಿಗೆ ಬಂದು ನಿಲ್ಲುವಾಗ ಒಳಗೆ ಮಾತು ಆಗಲೇ ಬಿಸಿಯಾಗಿತ್ತು. ಸೆಂಟಿಗೆ ತನ್ನ ಬ್ಯಾಗು ಬೇಕು. ಟೋಕನ್ ಬೀರುವಿಗೆ ಬೆನ್ನು ಕೊಟ್ಟು ನಿಂತಿದ್ದ.

"ಬಿಲ್ಲೆ?"

"ಎಲ್ಲೋ ಬಿದ್ದಿದೆ. ತೆಗಿಯಣ್ಣ ಬೇಗ."

"ಬಿಲ್ಲೆ ಇಲ್ದೆ ಕೊಡಲ್ಲ."

"ಏ, ನಾನೇ ಕಣೋ. ನನ್ನ ಮುಖ ನೋಡು."

ಟೋಕನ್ ಅವನ ಮುಖವನ್ನು ನಿಧಾನವಾಗಿ, ಪ್ರಾಮಾಣಿಕವಾಗಿ ನೋಡಿದ. "ಮುಖಕ್ಕೆ ಕೊಡಲ್ಲ," ಎಂದ.

ಸೆಂಟು ಅವನ ಕೊರಳ ಬೀಗದ ಕೈಗೆ ಕೈಹಾಕಿದ. ಆಗ ಮೂಲೆಯಿಂದ ಎದ್ದವನು ಬನ್ನು. ಬಾಯಲ್ಲಿದ್ದದ್ದನ್ನು ನುಂಗಿ, ತನ್ನ ಬ್ಯಾಗೂ ಅದೇ ಬೀರುವಿನಲ್ಲಿದೆ, ನಿಯಮ ಮಾಡಿದವನೇ ನಿಯಮ ಮುರಿದರೆ ಏನರ್ಥ ಎಂದು ಕೇಳಿದ. ಹಾಸಿಗೆಯ ಮೇಲೆ ಬಿದ್ದುಕೊಂಡಿದ್ದ ಇನ್ನಿಬ್ಬರೂ ಎದ್ದು ಬಂದರು. ಇವನು ಎಲ್ಲ ಕಟ್ಟಿಕೊಂಡು ಓಡಿಹೋಗಲು ಹೊಸ ಪ್ಯಾಂಟು ಹಾಕಿಕೊಂಡು ಬಂದಿದ್ದಾನೆ ಎಂದು ಒಬ್ಬ. ಹೌದು, ನೋಡು, ಹೊಸ ಪ್ಯಾಂಟು ಎಂದು ಇನ್ನೊಬ್ಬ. ಬನ್ನು ಬೀರುವಿನ ಮುಂದೆ ಟೋಕನ್‌ನ ಪಕ್ಕ ಹೋಗಿ ನಿಂತ. ಒಂದು ಬೀರುವಿನ ಗಾತ್ರಕ್ಕೆ ಇನ್ನೊಂದು ಬೀರು ಸೇರಿದ ಹಾಗಾಯಿತು.

ಸೆಂಟು ಬೆವರಿದ. ಬೆವರಿದರೆ ಅವನ ವಾಸನೆ ಇನ್ನೂ ಜೋರಾಗುತ್ತಿತ್ತು. ಆಗ ಟೋಕನ್‌ಗೇ ಅವನ ಮೇಲೆ ಕರುಣೆ ಬಂದಿರಬೇಕು. ಅಣ್ಣಾ ಎಂದು ಕರೆದವನಲ್ಲವೇ. ಬಿಲ್ಲೆ ಕಳೆದುಕೊಂಡವರಿಗೂ ದಾರಿ ಇದೆ, ಹೆದರಬೇಡಿ ಎಂದು ಸಮಾಧಾನ ಹೇಳಿ, ಬಾಗಿಲಿಗೆ ಬಂದು ಎರಡೂ ಕದಗಳನ್ನು ಹಾರುಹೊಡೆದ. ಮೆಟ್ಟಿಲಿನತ್ತ ತಿರುಗಿ, ನಿಲ್ದಾಣದಲ್ಲಿ ಕೂಗುತ್ತಿದ್ದ ದನಿಯಲ್ಲಿ ಕೂಗಿದ. ಇಬ್ಬರು ಸಾಕ್ಷಿಗಳು ಬನ್ನಿ, ಸಾಮಾನು ಕೋಣೆಗೆ ಇಬ್ಬರು ಸಾಕ್ಷಿಗಳು ಬನ್ನಿ.

ಇಬ್ಬರು ಎಂದರೆ ಯಾರು ಕೇಳುತ್ತಾರೆ. ತಿಂಗಳುಗಟ್ಟಲೆ ಆ ಬಾಗಿಲ ಹಿಂದೆ ಏನಿದೆ ಎಂದು ತಲೆ ಕೆಡಿಸಿಕೊಂಡಿದ್ದ ಇಡೀ ಕಟ್ಟಡ ಮೆಟ್ಟಿಲ ಮೇಲೆ ಸಾಲಾಗಿ ನಿಂತಿತು. ಮುಖಕ್ಕೆ ಸೋಪು ಹಚ್ಚಿಕೊಂಡವರು, ಮಗು ಎತ್ತಿಕೊಂಡವರು, ಹಾಲಿನವನು, ಎಲ್ಲರೂ. ಮುಂದೆ ನಾನು. ಟೈಲರಮ್ಮ ಮಾತ್ರ ಕಾಣಲಿಲ್ಲ, ಅವಳು ಅಂಗಡಿಯಿಂದ ಠಾಣೆಗೆ ಫೋನು ಹಚ್ಚಿದ್ದಳು.

ಟೋಕನ್ ಬೀರು ತೆರೆದು, ಆ ಬ್ಯಾಗನ್ನು ಎತ್ತಿ ಮೇಜಿನ ಮೇಲಿಟ್ಟು, ಎರಡು ಕೈಯನ್ನೂ ಅದರ ಮೇಲಿಟ್ಟುಕೊಂಡು ಕೇಳಿದ. "ಒಳಗೆ ಏನಿದೆ ಹೇಳಿ."

ಸೆಂಟು ಮೆಟ್ಟಿಲ ಮೇಲಿನ ಮುಖಗಳನ್ನು ನೋಡಿದ. ಕೊನೆಗೆ ಬಾಯಿಗೆ ಬಂದದ್ದು ಹೇಳಿದ.

"ಬಟ್ಟೆ."

"ಬರೀ ಬಟ್ಟೆನಾ?"

"ಬಟ್ಟೆ ಅಂದ್ನಲ್ಲ."

ಜಿಪ್ಪು ಎಳೆದ. ಮೊದಲು ಮೊಬೈಲ್ ಫೋನುಗಳು ಜರಿದು ಬಿದ್ದವು, ಒಂದರ ಮೇಲೊಂದು, ಹಿಡಿ ತುಂಬ. ಅದರ ಕೆಳಗೆ ಅಂಟುಪಟ್ಟಿ ಸುತ್ತಿದ ಸಣ್ಣ ಸಣ್ಣ ಪೊಟ್ಟಣಗಳು. ಅದರ ಕೆಳಗೆ ಹೆಂಗಸರ ಕೊರಳ ಸರಗಳು, ಗಂಟಾಗಿ. ಟೋಕನ್ ಎಲ್ಲವನ್ನೂ ಒಂದೊಂದಾಗಿ ಮೇಜಿನ ಮೇಲಿಟ್ಟು ಬ್ಯಾಗಿನ ತಳದ ತನಕ ಕೈ ಹಾಕಿ ನೋಡಿದ. ಬಟ್ಟೆಯ ಚೂರಾದರೂ ಸಿಗಲಿ ಎಂದು ಅವನು ಮನಸಾರೆ ಹುಡುಕಿದ, ನಾನು ನೋಡಿದ್ದೇನೆ. ಸಿಗಲಿಲ್ಲ.

"ಹೇಳಿದ್ದೊಂದು, ಇರೋದೊಂದು," ಅಂದ ಬೇಸರದಿಂದ. "ಠಾಣೆಗೆ ಹೋಗ್ಬೇಕು ಇದು."

ಬನ್ನಿಗೆ ಆ ಸರಗಳನ್ನು ನೋಡಿ ಹೊಟ್ಟೆ ಉರಿಯಿತು. ಇದು ನನ್ನ ಬ್ಯಾಗಿನದು ಎಂದು ಸೆಂಟಿನ ಕಾಲರು ಹಿಡಿದ. ಸೆಂಟು ಕೊಸರಿಕೊಂಡು, ನಮ್ಮನ್ನೆಲ್ಲ ತಳ್ಳಿಕೊಂಡು ಮೆಟ್ಟಿಲಿಗೆ ನುಗ್ಗಿದ. ಅವನು ತಪ್ಪಿಸಿಕೊಂಡೇ ಬಿಡುತ್ತಿದ್ದ. ಆದರೆ ಕಚ್ಚಾ ಹೊಲಿಗೆ ಕಚ್ಚಾ ಹೊಲಿಗೆಯೇ. ಮೂರನೆಯದೋ ನಾಲ್ಕನೆಯದೋ ಮೆಟ್ಟಿಲಿನಲ್ಲಿ ಪ್ಯಾಂಟಿನ ಕಾಲು ಸರ್ರನೆ ಬಿಚ್ಚಿಕೊಂಡು ಪಾದದ ಕೆಳಗೆ ಸೇರಿತು. ಅವನು ನನ್ನ ಮೂಳೆಗೆ ಹೇಳಿದ್ದ ಭವಿಷ್ಯವೆಲ್ಲ ಅವನದೇ ಮೂಳೆಗೆ ಫಲಿಸಿತು. ಉರುಳಿ ಹೋಗಿ ಅಂಗಡಿಯ ಮುಂದೆ ಬಿದ್ದವನನ್ನು ಟೈಲರಮ್ಮ ಬಾಗಿ ನೋಡಿ, ಗುಂಡುಸೂಜಿ ಬಾಯಿಂದ ತೆಗೆದು, "ಮಿಷನ್ನಲ್ಲಿ ಹೊಡೀಬೇಕು ಕೂತ್ಕೊಳ್ಳಿ ಅಂದೆ, ಕೇಳಿದ್ರಾ?" ಎಂದಳು.

ಅದೇ ಹೆಡ್ ಕಾನ್‌ಸ್ಟೇಬಲ್ ಬಂದಳು, ಈ ಸಲ ಜೀಪಿನ ತುಂಬ ಜನರೊಡನೆ. ಬಾಗಿಲಲ್ಲಿ ಟೋಕನ್ ಕೈಚಾಚಿದ. ಆಕೆ ಲಾಠಿ ಒಪ್ಪಿಸಿ ಬಿಲ್ಲೆ ತೆಗೆದುಕೊಂಡಳು. ಸೆಂಟು, ಬನ್ನು, ಉಳಿದಿಬ್ಬರನ್ನೂ ಬ್ಯಾಗುಗಳ ಸಮೇತ ಜೀಪು ಹತ್ತಿಸಿದರು. ಆ ರಾತ್ರಿ ಟೋಕನ್ ತಾಯಿಯ ಮಂಚದ ಮೇಲೆ ಮಲಗಿದ. ಅದಕ್ಕೆ ಮೊದಲು ಜೇಬಿನಿಂದ ಬಿಲ್ಲೆ ತೆಗೆದು ಮಂಚದ ಬಿಲ್ಲೆಗೆ ಜೋಡಿ ಹಿಡಿದು ಸರಿಯಾಗಿದೆಯೇ ನೋಡಿಕೊಂಡ.

ಎಲ್ಲ ಮುಗಿಯಿತು ಎಂದುಕೊಂಡೆವು. ಆದರೆ ಅವನ ಮನೆಗೆ ನಿಜವಾದ ಕುತ್ತು ಬಂದದ್ದು ಆಮೇಲೆ, ಅದೂ ಒಳ್ಳೆಯವರ ಕೈಯಿಂದ. ಅಸಹಾಯಕರನ್ನು ನೋಡಿಕೊಳ್ಳುವ ಕಚೇರಿಯಿಂದ ಒಬ್ಬ ಮೇಡಂ ಬಂದರು. ಮೃದು ಮಾತು, ಕೆಟ್ಟ ಮನಸ್ಸಲ್ಲ. ಒಂಟಿಯಾಗಿದ್ದರೆ ಇಂಥವರು ಮತ್ತೆ ಬರುತ್ತಾರೆ, ಇವನಿಗೆ ಇಲ್ಲ ಎನ್ನಲು ಬರುವುದಿಲ್ಲ, ಮನೆಗೆ ಬೀಗ ಹಾಕಿ ಇವನನ್ನು ಆಶ್ರಯಧಾಮದಲ್ಲಿ ಇಡುವುದೇ ಒಳ್ಳೆಯದು ಎಂದರು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ಆಕೆ ಟೋಕನ್ ಕಡೆ ತಿರುಗಿ, ಬನ್ನಿ ಸಾರ್, ನನ್ನ ಜೊತೆ ಹೋಗೋಣ ಎಂದರು.

ಟೋಕನ್ ತನ್ನ ಅಂಗಿಯ ಗುಂಡಿಯಲ್ಲಿ ನೇತಾಡುತ್ತಿದ್ದ ಬಿಲ್ಲೆಯನ್ನು ಎತ್ತಿ ತೋರಿಸಿದ.

"ಇದರ ಜೋಡಿ ಇದ್ಯಾ?"

ಮೇಡಂಗೆ ಅರ್ಥವಾಗಲಿಲ್ಲ. ಟೈಲರಮ್ಮ ಅರ್ಥ ಮಾಡಿಸಿದಳು. ಇಲ್ಲವಲ್ಲ ಎಂದರು ಆಕೆ, ನಗುತ್ತಾ.

"ಹಾಗಾದ್ರೆ ಒಳಗೆ ಏನಿದೆ ಹೇಳಿ. ಸಾಕ್ಷಿಗಳು ಇದ್ದಾರೆ."

ಮೇಡಂ ಅವನನ್ನು ಮೇಲಿಂದ ಕೆಳಗೆ ನೋಡಿದರು. ನೀವು ಪಾಪ, ಮುಗ್ಧರು, ಯಾರು ಏನು ಹೇಳಿದರೂ ನಂಬುತ್ತೀರಿ, ಯಾರು ಏನು ಕೇಳಿದರೂ ಕೊಟ್ಟುಬಿಡುತ್ತೀರಿ ಎಂದರು ಮೆಲ್ಲಗೆ.

ಹಿಂದೆ ನಿಂತವರೆಲ್ಲ ಒಮ್ಮೆಗೇ ಗೊಳ್ಳೆಂದು ನಕ್ಕರು. ನಾನೂ ನಕ್ಕೆ, ಕಣ್ಣು ಒರೆಸಿಕೊಂಡು. ನನ್ನ ಕೊಡೆ ಅವನ ಬಾಗಿಲ ಹಿಂದೆ ನೇತಾಡುತ್ತಿತ್ತು.

ಟೋಕನ್ ತಲೆಯಾಡಿಸಿದ. "ಹೇಳಿದ್ದೊಂದು, ಇರೋದೊಂದು ಮೇಡಂ."

ನಾನು ಮೇಲೆ ಹೋಗಿ ಸಕ್ಕರೆ ಡಬ್ಬಿಯ ಹಿಂದಿನಿಂದ ಅವನ ತಾಯಿಯ ಬಿಲ್ಲೆ ತಂದೆ. ಅದನ್ನು ಅವನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಗುಂಡಿಯ ಬಿಲ್ಲೆಗೆ ಪಕ್ಕದಲ್ಲಿ ಹಿಡಿದ. ಎರಡೂ ಕಡೆ ತಿರುಗಿಸಿ ನೋಡಿದ. ಅದು ನನ್ನ ಹತ್ತಿರ ಹೇಗೆ ಬಂತು ಎಂದು ಕೇಳಲಿಲ್ಲ. ತಾಯಿ ಬಾರದೆ ಬಿಲ್ಲೆ ಬಂದರೆ ಏನರ್ಥ ಎಂದು ಅವನಿಗೆ ಬಹಳ ಹಿಂದೆಯೇ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ನಮ್ಮೆಲ್ಲರಿಗಿಂತ ಮೊದಲೇ ತಿಳಿದು ಸುಮ್ಮನಿದ್ದ.

"ಸರಿ ಇದೆ," ಎಂದ. "ಅಕ್ಕನ ಸಾಮಾನು ಮೇಡಂ ನಾನು."

ಹಾಗೆಂದು ಮೇಡಂ ಬರೀ ಬಿಲ್ಲೆ ನೋಡಿ ಬಿಟ್ಟು ಹೋಗಲಿಲ್ಲ. ಯಾರು ನೋಡಿಕೊಳ್ಳುತ್ತೀರಿ, ಹೇಗೆ ಎಂದು ಬಿಡಿಸಿ ಬಿಡಿಸಿ ಕೇಳಿದರು. ಆಗ ಟೈಲರಮ್ಮ, ಮೆಟ್ಟಿಲ ಬುಡದಲ್ಲಿ ನನಗೂ ಬೆಳಕು ಸಾಲದು, ಮಿಷನ್ನು ಇವನ ಮುಂದಿನ ಕೋಣೆಗೆ ತರುತ್ತೇನೆ, ನನ್ನ ಬಾಯಿ ದಾಟಿ ಒಳಗೆ ಯಾರು ಹೋಗುತ್ತಾರೋ ನೋಡುತ್ತೇನೆ ಎಂದಳು. ಮೇಡಂ ಅವಳ ಬಾಯನ್ನೂ ಅದರಲ್ಲಿದ್ದ ಗುಂಡುಸೂಜಿಗಳನ್ನೂ ನೋಡಿ ಒಪ್ಪಿಕೊಂಡರು. ಈಗಲೂ ಆಗಾಗ ಬಂದು ವಿಚಾರಿಸಿ ಹೋಗುತ್ತಾರೆ. ಬಂದಾಗ ಕೈಚೀಲ ಬಾಗಿಲಲ್ಲೇ ಒಪ್ಪಿಸುತ್ತಾರೆ.

ಈಗ ಅಲ್ಲಿ ಬೆಳಗಿನಿಂದ ಸಂಜೆ ತನಕ ಮಿಷನ್ನಿನ ಸದ್ದು. ಹೊಲಿಯಲು ಬಂದ ಪ್ರತಿ ಬಟ್ಟೆಗೂ ಟೋಕನ್ ಬಿಲ್ಲೆ ಕಟ್ಟುತ್ತಾನೆ, ಒಂದು ರವಿಕೆಯೂ ಇಂದಿನ ತನಕ ಅದಲುಬದಲಾಗಿಲ್ಲ. ನಾವೆಲ್ಲ ಅವನನ್ನು ಅಣ್ಣಾ ಎಂದು ಕರೆಯಲು ತೀರ್ಮಾನ ಮಾಡಿದೆವು. ಅವನು ತಿರುಗಿ ನೋಡುವುದಿಲ್ಲ, ಆದರೂ ಕರೆಯುತ್ತೇವೆ.

ಸೆಂಟು ಬಿದ್ದ ಮಾರನೆಯ ದಿನ ಬೆಳಿಗ್ಗೆ ನನ್ನ ಬಾಗಿಲು ತಟ್ಟಿದ ಸದ್ದಾಯಿತು. ಅಕ್ಕಿ ಡಬ್ಬ ಸರಿಸಿ ತೆರೆದರೆ ಟೋಕನ್ ನಿಂತಿದ್ದ. ನನ್ನ ಮುಖ ನೋಡಿ, "ಮಿಷನ್ನಲ್ಲಿ ಹೊಡೀಬೇಕು ಅಂದೆ, ಕೇಳಿದ್ರಾ," ಎಂದು ಟೈಲರಮ್ಮನ ದನಿಯಲ್ಲೇ ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಅದು ನನ್ನ ತಮಾಷೆಯಲ್ಲ ಕಣೋ, ಅವಳದು, ಕೆಳಗೆ ಹೋಗು ಎಂದೆ. ಅವಳ ಹತ್ತಿರ ಆಗಲೇ ನಕ್ಕು ಬಂದಿದ್ದೇನೆ, ಇದು ನಿಮ್ಮ ಪಾಲಿನದು, ನೀವೂ ಸಾಕ್ಷಿ ಇದ್ದಿರಲ್ಲ ಎಂದ.

ಕೊಡೆ ಮಾತ್ರ ಇನ್ನೂ ಕೊಟ್ಟಿಲ್ಲ. ಮೊನ್ನೆ ಸಕ್ಕರೆ ಡಬ್ಬಿಯ ಗೂಡು ಒರೆಸುವಾಗ ಹಿಂದಿನ ಮೂಲೆಯಲ್ಲಿ ಅದರ ಬಿಲ್ಲೆ ಸಿಕ್ಕಿತು. ತೋರಿಸಿದರೆ ಕೊಡೆ ನನ್ನ ಕೈಗೆ ಬರುತ್ತದೆ, ನಾನೊಬ್ಬಳೇ ಹಿಡಿದುಕೊಂಡು ತರಕಾರಿ ಅಂಗಡಿಗೆ ಹೋಗಬೇಕಾಗುತ್ತದೆ. ಬಿಲ್ಲೆಯನ್ನು ಇದ್ದಲ್ಲೇ ಇಟ್ಟು ಡಬ್ಬಿ ಮುಂದಕ್ಕೆ ಸರಿಸಿದೆ.